ಹಬ್ ಗೇರಿನ ರೋಡ್ ಬೈಕು: ಮೊದಲ ಸವಾರಿ ಖಡಕವಾಸಲಾ ತನಕ ಸಾಕು

ಹೇಳಿ ಮಾಡಿಸಿದ ಸೈಕಲ್ ಮನೆಗೆ ಬಂದ ಮರುದಿನವೇ ಸಿಂಹಗಡ ಕೋಟೆಯ ಗುಡ್ಡ ಹತ್ತಿ ಬರಬೇಕು ಅಂತ ಪುಣೆಯಲ್ಲಿ ಯಾರಿಗಾದರೂ ಅನ್ನಿಸುತ್ತೆ. ಗೇರು ಹಿಂಚಕ್ರದ ನಡುವಿನ ಹಬ್‌ನ ಒಳಗಿರುವ ರೋಡ್ ಬೈಕಾದರೆ ಆ ಆಸೆಯನ್ನು ಒಂದು ವಾರ ತಡೆದುಕೊಳ್ಳಿ. ಮೊದಲ 40 ಕಿಲೋಮೀಟರಿನಲ್ಲಿ ಹೊಸ ಕೇಬಲ್‌ನ ಹೊರಕವಚ ಒತ್ತಿಕೊಂಡು ಒಳಗಿನ ತಂತಿ ಸಡಿಲಾಗುತ್ತೆ, ಚಕ್ರದ ಕಡ್ಡಿಗಳು ತಮ್ಮ ತಿರುಚು ಬಿಟ್ಟುಕೊಳ್ಳುತ್ತವೆ, ಆಕ್ಸಲ್ ನಟ್ಟಿನ ಕೆಳಗಿನ ಬಣ್ಣ ಕುಸಿಯುತ್ತೆ, ಚೈನು ಸ್ವಲ್ಪ ಇಳಿಬೀಳುತ್ತೆ. ಈ ನಾಲ್ಕೂ ಜಾಗಕ್ಕೆ ಕೂರುವ ಮೊದಲೇ ಘಾಟಿನ ಭಾರ ಹಾಕಿದರೆ ಪೆಟ್ಟು ತಿನ್ನೋದು ಹಬ್‌ನ ಒಳಗಿನ ಹಲ್ಲುಗಳು. ಹಾಗಾಗಿ ಮೊದಲ ಸವಾರಿ ಖಡಕವಾಸಲಾ ಅಣೆಕಟ್ಟಿನ ತನಕ, ಜೊತೆಗೆ 15 ಮಿ.ಮೀ. ಪಾನಾ.

ಇಲ್ಲಿ ಹೇಳುತ್ತಿರೋದು ಶಿಮಾನೊ ಕಂಪನಿಯ ಎಂಟು ಗೇರಿನ ಆಲ್ಫೀನ್ 8 ಹಬ್ ಬಗ್ಗೆ. ಈ ಥರದ ಸೈಕಲ್ಲಿಗೆ ದುಡ್ಡಿಗೂ ಕೆಲಸಕ್ಕೂ ಹೊಂದುವುದು ಅದೇ ಅನ್ನೋದು ನಮ್ಮ ಅಭಿಪ್ರಾಯ. ತೂಕ ಸುಮಾರು 1.7 ಕೆ.ಜಿ. ಐದನೇ ಗೇರಿನಲ್ಲಿ ಹಬ್ ನೇರವಾಗಿ ತಿರುಗುತ್ತೆ, ಅನುಪಾತ ಸರಿಯಾಗಿ 1. ಒಂದನೇ ಗೇರು 0.527, ಎಂಟನೆಯದು 1.615, ಅಂದರೆ ಒಟ್ಟು ಹರವು ಸುಮಾರು 307 ಪ್ರತಿಶತ. ಆದರೆ ಮೆಟ್ಟಿಲುಗಳು ಸಮ ಇಲ್ಲ. 1ರಿಂದ 2ಕ್ಕೂ, 5ರಿಂದ 6ಕ್ಕೂ ಶೇಕಡಾ 22ರ ನೆಗೆತ. ಉಳಿದವು 14ರಿಂದ 18ರ ಒಳಗೆ. ಡೀರೇಲರ್‌ನಲ್ಲಿ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಜಾರಿಸುವ ಮಾಮೂಲಿ ಗೇರು) ಪಳಗಿದ ಕಾಲಿಗೆ ಆ ಐದು–ಆರರ ನಡುವಿನ ನೆಗೆತ ಮೊದಲ ದಿನ ಇಷ್ಟವಾಗಲ್ಲ. ಒಂದೇ ವೇಗದಲ್ಲಿ ಹೋಗುತ್ತಿದ್ದರೂ ತುಳಿತ ನಿಮಿಷಕ್ಕೆ 90 ಸುತ್ತಿನಿಂದ 74ಕ್ಕೆ ಇಳಿದುಬಿಡುತ್ತೆ. ಇದು ಹಬ್‌ನ ದೋಷವಲ್ಲ, ಅದರ ರಚನೆಯೇ ಹಾಗೆ: ಒಳಗಿನ ಗೇರು ಗುಂಪಿನ ಅದೇ ಮೂರು ಮೆಟ್ಟಿಲುಗಳು ಒಂದರಿಂದ ನಾಲ್ಕರ ತನಕ ಒಮ್ಮೆ, ಐದರಿಂದ ಎಂಟರ ತನಕ ಇನ್ನೊಮ್ಮೆ ಬರುತ್ತವೆ.

ಹಲ್ಲಿನ ಲೆಕ್ಕವನ್ನು ಸೈಕಲ್ ಕಟ್ಟುವ ಮೊದಲೇ ಮಾಡಿಟ್ಟುಕೊಳ್ಳಬೇಕು. 700×28 ಟೈರಿನ ಸುತ್ತಳತೆ 2.136 ಮೀಟರ್. ಮುಂದೆ 42, ಹಿಂದೆ 20 ಹಲ್ಲು ಹಾಕಿದರೆ ಐದನೇ ಗೇರಿನಲ್ಲಿ ಪೆಡಲ್‌ನ ಒಂದು ಸುತ್ತಿಗೆ ಸುಮಾರು 4.49 ಮೀಟರ್ ಹೋಗುತ್ತೀರಿ, ಒಂದರಲ್ಲಿ 2.36, ಎಂಟರಲ್ಲಿ 7.24. ನಿಮಿಷಕ್ಕೆ 90 ಸುತ್ತು ತುಳಿದರೆ ಎಂಟನೇ ಗೇರಿನಲ್ಲಿ ಗಂಟೆಗೆ 39 ಕಿಲೋಮೀಟರ್. ಬಾಣೇರ್, ಪಾಷಾಣ್ ಕಡೆ ಓಡಾಡಲು ಇದು ಚೆನ್ನಾಗಿದೆ. ಸಿಂಹಗಡಕ್ಕೋ ಬೋಪದೇವ ಘಾಟಿಗೋ ಇದು ಬಿಗಿ. ಮುಂದಿನದನ್ನು 40ಕ್ಕೆ ಇಳಿಸಿದರೆ ಒಂದನೇ ಗೇರು 2.25 ಮೀಟರಿಗೆ ಬರುತ್ತೆ. ಅದು ಮಾಮೂಲಿ ರೋಡ್ ಬೈಕಿನ ಮುಂದೆ 34, ಹಿಂದೆ 32 ಹಲ್ಲಿಗಿಂತ ಕೂದಲೆಳೆಯಷ್ಟು ಹಗುರ. ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ 8 ಕಿಲೋಮೀಟರಿನಲ್ಲಿ ಏರಬಹುದು. ಮೇಲ್ಗಡೆ ಕಳಕೊಳ್ಳುವುದು ಗಂಟೆಗೆ ಎರಡು ಕಿಲೋಮೀಟರ್ ಮಾತ್ರ. ಪುಣೆಗೆ ನಾವು ಹೇಳುವುದು 40–20. ಇನ್ನೂ ಹಗುರ ಬೇಕು ಅಂತ 36–20ಕ್ಕೆ ಹೋಗಬೇಡಿ. ಮುಂದಿನ ಹಲ್ಲಿಗೂ ಹಿಂದಿನ ಹಲ್ಲಿಗೂ ಇರುವ ಅನುಪಾತ ಇಳಿದಷ್ಟೂ ಅದೇ ತುಳಿತಕ್ಕೆ ಹಬ್‌ನ ಒಳಗೆ ಬೀಳುವ ತಿರುಚುಬಲ ಏರುತ್ತೆ, ಆಲ್ಫೀನ್ 8ಕ್ಕೆ 2ರ ಆಸುಪಾಸೇ ಸುರಕ್ಷಿತ.

ಬಾಗಿದ ಹ್ಯಾಂಡಲ್ಲಿಗೆ ಈ ಹಬ್‌ನ ಮಾಮೂಲಿ ಶಿಫ್ಟರ್ (ಗೇರು ಬದಲಿಸುವ ಹಿಡಿ) ಕೂರಲ್ಲ, ಅದು ನೇರ ಹ್ಯಾಂಡಲ್ಲಿನ ದಪ್ಪಕ್ಕೆ ಮಾಡಿದ್ದು. ಹ್ಯಾಂಡಲ್ ತುದಿಗೆ ಸಿಕ್ಕಿಸುವ ಜೆಟೆಕ್ ಕಂಪನಿಯ ಶಿಫ್ಟರ್, ಇಲ್ಲವೇ ಮೋಟಾರಿನಿಂದ ಗೇರು ಬದಲಿಸುವ ಡಿಐ2 ಹಬ್, ಹೀಗೆ ಎರಡು ದಾರಿ. ಡಿಐ2ದಲ್ಲಿ ಹಿಗ್ಗುವ ಕೇಬಲ್ಲೇ ಇಲ್ಲ, ಆದರೆ ಬ್ಯಾಟರಿ ಚಾರ್ಜ್ ಮಾಡಿಕೊಳ್ಳಬೇಕು. ನಮ್ಮ ಒಲವು ಹ್ಯಾಂಡಲ್ ತುದಿಯ ಶಿಫ್ಟರ್ ಕಡೆಗೆ. ದಾರಿಯಲ್ಲಿ ಕೆಟ್ಟರೆ ಒಂದು ಕೇಬಲ್, ಒಂದು ಅಲೆನ್ ಕೀ ಸಾಕು.

ಹೇಳಿ ಮಾಡಿಸಿದ ಫ್ರೇಮಿನ ನಿಜವಾದ ಲಾಭ ಇರೋದು ಹಿಂದಿನ ಆಕ್ಸಲ್ ಕೂರುವ ಬಾಯಿಯಲ್ಲಿ. ರಿಮ್ ಬ್ರೇಕಿನ ಮಾಮೂಲಿ ರೋಡ್ ಫ್ರೇಮಿನ ಬಾಯಿ ಕೆಳಕ್ಕೆ ತೆರೆದಿರುತ್ತೆ, ಒಳ ಅಗಲ 130 ಮಿ.ಮೀ. ಆಲ್ಫೀನ್‌ಗೆ ಬೇಕಾದ್ದು 135. ಬಾಯಿ ಕೆಳಕ್ಕಿದ್ದರೆ ಚೈನು ಬಿಗಿ ಮಾಡಲು ಚಕ್ರವನ್ನು ಹಿಂದಕ್ಕೆ ಎಳೆಯೋಕೆ ಆಗಲ್ಲ, ಆಗ ಸ್ಪ್ರಿಂಗಿನ ಟೆನ್ಶನರ್ ತೂಗುಹಾಕಬೇಕಾಗುತ್ತೆ. ಧೂಳು, ಕೆಸರು ತಿನ್ನುವ ಭಾಗ ಬೇಡ ಅಂತಲೇ ಹಬ್ ಗೇರು ಆರಿಸಿದವರು ಅದನ್ನೇ ಮತ್ತೆ ನೇತುಹಾಕಿಕೊಂಡ ಹಾಗಾಯಿತು. ಹಿಂದಕ್ಕೆ ತೆರೆದ ಬಾಯಿ, ಜಾರುವ ಡ್ರಾಪ್‌ಔಟ್ (ಆಕ್ಸಲ್ ಬಾಯಿಯೇ ಹಿಂದೆ ಮುಂದೆ ಸರಿಯುವಂಥದ್ದು), ಅಥವಾ ನಡುವಿನಿಂದ ಸರಿದು ತಿರುಗುವ ಬಾಟಮ್ ಬ್ರಾಕೆಟ್ (ಪೆಡಲ್‌ಗಳ ಅಚ್ಚು ಕೂರುವ ಜಾಗ), ಮೂರರಲ್ಲಿ ಒಂದನ್ನು ಹೇಳಿಸಿ. ಡಿಸ್ಕ್ ಬ್ರೇಕ್ ಇದ್ದರೆ ಜಾರುವ ಡ್ರಾಪ್‌ಔಟೇ ಸರಿ, ಏಕೆಂದರೆ ಡಿಸ್ಕನ್ನು ಹಿಡಿಯುವ ಕ್ಯಾಲಿಪರೂ ಚಕ್ರದ ಜೊತೆಗೇ ಜಾರುತ್ತೆ. ಹಿಂದಕ್ಕೆ ತೆರೆದ ಬಾಯಿಯಾದರೆ ಪ್ರತಿ ಸಲ ಚೈನು ಬಿಗಿ ಮಾಡಿದಾಗಲೂ ಕ್ಯಾಲಿಪರ್ ಮತ್ತೆ ಕೂರಿಸಬೇಕು.

ಇನ್ನೊಂದು, ಬಹಳ ಜನ ಮರೆಯುವ ವಿಷಯ: ಆಕ್ಸಲ್ ಬಾಯಿಯ ಸುತ್ತ ಪೌಡರ್ ಕೋಟಿಂಗ್ ದಪ್ಪನಾಗಿ ಕೂತಿರುತ್ತೆ. ನಟ್ಟು ಎಷ್ಟೇ ಬಿಗಿ ಮಾಡಿ, ಅದು ಹಿಡಿದಿರೋದು ಬಣ್ಣವನ್ನು. ಒಂದೆರಡು ಗಂಟೆ ತುಳಿದ ಮೇಲೆ ಬಣ್ಣ ಚಪ್ಪಟೆಯಾಗಿ ನಟ್ಟು ಸಡಿಲು. ವಾಷರ್ ತಾಗುವಷ್ಟು ಜಾಗದಲ್ಲಿ ಬಣ್ಣವನ್ನು ಬರಿ ಲೋಹ ಕಾಣುವ ತನಕ ಕೆರೆದು, ತುಕ್ಕು ಹಿಡಿಯದಂತೆ ತೆಳ್ಳಗೆ ಗ್ರೀಸು ಸವರಿ ಕೂರಿಸಿ. ಆಕ್ಸಲ್ ತಿರುಗದಂತೆ ಹಿಡಿಯುವ ವಾಷರ್‌ಗಳಿಗೆ ಬಣ್ಣದ ಗುರುತಿದೆ. ಹಿಂದಕ್ಕೆ ತೆರೆದ ಬಾಯಿಗೆ ಬಲಕ್ಕೆ ಬೆಳ್ಳಿ ಬಣ್ಣದ 6ಆರ್, ಎಡಕ್ಕೆ ಬಿಳಿ 6ಎಲ್; ಕೆಳಕ್ಕೆ ತೆರೆದದ್ದಕ್ಕೆ ಬಲಕ್ಕೆ ನೀಲಿ 8ಆರ್, ಎಡಕ್ಕೆ ಹಸಿರು 8ಎಲ್. ಇದು ತಪ್ಪಿದರೆ ಕೇಬಲ್ ಬರುವ ಕೋನ ತಪ್ಪುತ್ತೆ, ಆಮೇಲೆ ಎಷ್ಟು ಹೊಂದಿಸಿದರೂ ಗೇರು ನೆಟ್ಟಗಾಗಲ್ಲ. ನಟ್ಟಿನ ಬಿಗಿ 30ರಿಂದ 45 ನ್ಯೂಟನ್ ಮೀಟರ್. ಟಾರ್ಕ್ ಪಾನಾ ಇಲ್ಲದಿದ್ದರೆ ಒಂದು ಅಂದಾಜು: 20 ಸೆಂ.ಮೀ. ಉದ್ದದ ಪಾನಾದ ತುದಿಯಲ್ಲಿ, 20 ಲೀಟರಿನ ನೀರಿನ ಕ್ಯಾನ್ ಎತ್ತುವಷ್ಟು ಬಲ.

ಹೊರಡುವ ಮೊದಲು ಐದು ನಿಮಿಷ ಹಳದಿ ಗೆರೆಗಳಿಗೆ ಕೊಡಿ. ಗೇರು 4ಕ್ಕೆ ಇಡಿ, 1ಕ್ಕೆ ಇಳಿಸಿ, ಮತ್ತೆ 4ಕ್ಕೆ ತನ್ನಿ. ಬಲಗಡೆ, ಹಲ್ಲುಚಕ್ರದ ಪಕ್ಕದಲ್ಲಿ ಕೇಬಲ್ ಬಂದು ಸೇರುವ ಕಡೆ ಮೊಬೈಲಿನ ಟಾರ್ಚ್ ಹಿಡಿದರೆ ಒಂದು ಪುಟ್ಟ ಕಿಂಡಿ ಕಾಣುತ್ತೆ. ಅದರೊಳಗೆ ಎರಡು ಹಳದಿ ಗೆರೆ, ಒಂದು ಸ್ಥಿರ, ಇನ್ನೊಂದು ಗೇರಿನ ಜೊತೆ ಸರಿಯುವಂಥದ್ದು. ಎರಡೂ ಒಂದೇ ಸಾಲಿಗೆ ಬಂದಿರಬೇಕು. ಒಂದು ಎಳ್ಳಿನಷ್ಟು ಆಚೀಚೆ ಇದ್ದರೂ ಬಿಡಬೇಡಿ. ಕೇಬಲ್ ಬಿಗಿ ಹೊಂದಿಸುವ ಬ್ಯಾರೆಲ್ ತಿರುಪನ್ನು ಕಾಲು ಸುತ್ತು ತಿರುಗಿಸಿ, ಮತ್ತೆ 4–1–4 ಮಾಡಿ, ಮತ್ತೆ ನೋಡಿ. ಸೈಕಲ್ ತಲೆಕೆಳಗಾಗಿ ಇಟ್ಟುಕೊಂಡರೆ ಈ ಕಿಂಡಿ ಸಲೀಸಾಗಿ ಕಾಣುತ್ತೆ. ಆಗಲೇ ಚೈನೂ ನೋಡಿಬಿಡಿ: ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿದರೆ ಒಟ್ಟು 10–15 ಮಿ.ಮೀ. ಆಡಬೇಕು. ಕ್ರ್ಯಾಂಕನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ಎಲ್ಲಿ ಅತಿ ಬಿಗಿಯೋ ಅಲ್ಲಿ ಅಳೆಯಿರಿ, ಹಲ್ಲುಚಕ್ರಗಳು ಸಂಪೂರ್ಣ ದುಂಡಗಿರಲ್ಲ. ಕೊನೆಗೆ, ಆಕ್ಸಲ್ ಎಲ್ಲಿ ಕೂತಿದೆ ಅಂತ ಎರಡೂ ಬದಿ ನೇಲ್ ಪಾಲಿಶ್‌ನಲ್ಲಿ ಸಣ್ಣ ಗೆರೆ ಎಳೆಯಿರಿ. ಇದರ ಉಪಯೋಗ ಅಣೆಕಟ್ಟಿನ ಹತ್ತಿರ ಗೊತ್ತಾಗುತ್ತೆ.

ಸ್ವಾರಗೇಟ್‌ನಿಂದ ಸಿಂಹಗಡ ರಸ್ತೆ ಹಿಡಿದು ಖಡಕವಾಸಲಾಕ್ಕೆ ಸುಮಾರು 17 ಕಿಲೋಮೀಟರ್, ಬಹುಪಾಲು ಸಮತಟ್ಟು. ಬೆಳಗ್ಗೆ ಐದೂವರೆಗೆ ಹೊರಡಿ. ದಾಂಡೇಕರ್ ಪೂಲ್ ಸಿಗ್ನಲ್‌ನಲ್ಲಿ ನಿಂತಾಗಲೇ ಹಬ್ ಗೇರಿನ ಸುಖ ಗೊತ್ತಾಗುತ್ತೆ: ಐದರಲ್ಲಿ ಬಂದು ನಿಂತಿದ್ದೀರಿ, ಪೆಡಲ್ ಅಲ್ಲಾಡಿಸದೆ ನಿಂತಲ್ಲೇ ಎರಡಕ್ಕೆ ಇಳಿಸಿ, ಹಸಿರು ಬಂದ ಕೂಡಲೇ ಹಗುರಾಗಿ ಹೊರಡಬಹುದು. ರಿಕ್ಷಾ, ಬಸ್ಸು, ಸ್ಕೂಟರುಗಳ ನಡುವೆ ಇದಕ್ಕಿಂತ ನೆಮ್ಮದಿ ಇಲ್ಲ. ಆದರೆ ಓಡುತ್ತಿರುವಾಗ ಗೇರು ಬದಲಿಸಲು ಕಾಲಿಗೆ ಹೊಸ ಅಭ್ಯಾಸ ಬೇಕು. ಡೀರೇಲರ್‌ಗೆ ತುಳಿಯುತ್ತಲೇ ಇರಬೇಕು. ಇದಕ್ಕೆ ತುಳಿತವನ್ನು ಅರೆಕ್ಷಣ ಸಡಿಲಿಸಿ, ಗೇರು ಬದಲಿಸಿ, ಮತ್ತೆ ತುಳಿಯಬೇಕು. ಹತ್ತು ಕಿಲೋಮೀಟರಿನಲ್ಲಿ ಕಾಲು ಇದನ್ನು ತಾನೇ ಕಲಿಯುತ್ತೆ. ಭಾರ ಹಾಕಿಕೊಂಡೇ ಎಳೆದರೆ ಗೇರು ತಡವಾಗಿ, ಟಕ್ ಅಂತ ಬೀಳುತ್ತೆ. ಕೆಳಗಿನ ನಾಲ್ಕು ಗೇರುಗಳಲ್ಲಿ ಸ್ವಲ್ಪ ಗುಂಯ್‌ಗುಟ್ಟುವ ಸದ್ದು, ಐದರಲ್ಲಿ ಅದು ಪೂರ್ತಿ ನಿಂತು ನಿಶ್ಶಬ್ದ. ಎರಡೂ ಸಹಜ. ಮೊದಲ ಒಂದೆರಡು ಕಿಲೋಮೀಟರಿನಲ್ಲಿ ಚಕ್ರದಿಂದ ಟಿಣ್ ಟಿಣ್ ಅಂತ ಕೇಳಿದರೂ ಹೆದರಬೇಡಿ, ಕಡ್ಡಿಗಳು ತಿರುಚು ಬಿಡುತ್ತಿವೆ.

ಅಸಹಜ ಯಾವುದು ಅಂದರೆ, ತುಳಿಯುತ್ತಿರುವಾಗ ಪೆಡಲ್ ಕ್ಷಣಕಾಲ ಖಾಲಿ ಕುಸಿಯುವುದು. ಅದಾದರೆ ಅಲ್ಲೇ ನಿಲ್ಲಿಸಿ ಹಳದಿ ಗೆರೆ ನೋಡಿ. ಅಣೆಕಟ್ಟಿನ ಚೌಪಾಟಿ ಇನ್ನೇನು ಬಂತು ಅಂತ ಮುಂದುವರಿದರೆ ಒಳಗಿನ ಕೊಕ್ಕೆಗಳ ಅಂಚು ಸವೆಯುತ್ತೆ, ಒಮ್ಮೆ ಸವೆದ ಮೇಲೆ ಕೇಬಲ್ ಎಷ್ಟು ಸರಿ ಮಾಡಿದರೂ ಜಾರುತ್ತಲೇ ಇರುತ್ತೆ.

ಚೌಪಾಟಿಯಲ್ಲಿ ಕಾಂದಾ ಭಜಿಗೆ ಹೇಳಿ, ಅದು ಬರುವಷ್ಟರಲ್ಲಿ ನೇಲ್ ಪಾಲಿಶ್ ಗೆರೆ ನೋಡಿ. ಚೈನು ಎಳೆಯುವುದು ಬಲಗಡೆ, ಹಾಗಾಗಿ ಜಾರಿದರೆ ಬಲಗಡೆ ಆಕ್ಸಲ್ ಮುಂದಕ್ಕೆ ಬಂದಿರುತ್ತೆ, ಟೈರು ಎಡಗಡೆ ಚೈನ್‌ಸ್ಟೇಗೆ (ಪೆಡಲ್ ಕಡೆಯಿಂದ ಹಿಂಚಕ್ರಕ್ಕೆ ಹೋಗುವ ಕೊಳವೆ) ಹತ್ತಿರ ಸರಿದಿರುತ್ತೆ. ಸರಿದಿದ್ದರೆ ಎರಡೂ ನಟ್ಟು ಸಡಿಲಿಸಿ, ಚಕ್ರ ನಡುವಿಗೆ ತಂದು ಬಿಗಿ ಮಾಡಿ. ಸರಿಯದಿದ್ದರೂ ಒಮ್ಮೆ ಪಾನಾ ಹಾಕಿ ನೋಡಿ, ಹೊಸ ಸೈಕಲ್‌ನಲ್ಲಿ ನಟ್ಟು ಇನ್ನೊಂದಷ್ಟು ತಿರುಗಬಹುದು. ಹಳದಿ ಗೆರೆ ಮತ್ತೊಮ್ಮೆ. ಹೊಸ ಕೇಬಲ್ಲಾದರೆ ಬಹುತೇಕ ಸರಿದಿರುತ್ತೆ. ಹಿಂದಿನ ಚಕ್ರದ ಕಡ್ಡಿಗಳನ್ನು ಬೆರಳಲ್ಲಿ ಮೀಟಿ. ಹಬ್ ಗೇರಿನ ಚಕ್ರದಲ್ಲಿ ಎಡ ಬಲ ಎರಡೂ ಕಡೆ ಬಿಗಿ ಹೆಚ್ಚುಕಡಿಮೆ ಒಂದೇ ಇರುವುದರಿಂದ ನಾದವೂ ಹತ್ತಿರ ಹತ್ತಿರ ಇರಬೇಕು. ಎಲ್ಲೋ ಒಂದು ಮಂಕಾಗಿ ಡಬ್ ಅಂದರೆ ಅದು ಸಡಿಲು. ಇನ್ನೊಂದು ಮಾತು ಚಕ್ರ ಕಟ್ಟುವವರಿಗೆ: ಈ ಹಬ್‌ನ ಅಂಚು ದೊಡ್ಡದು, ಕಡ್ಡಿಗಳನ್ನು ಮೂರರ ಬದಲು ಎರಡು ಸಲ ದಾಟಿಸಿ ಕಟ್ಟಿದರೆ ರಿಮ್ಮಿನಲ್ಲಿ ಕಡ್ಡಿ ಹಿಡಿಯುವ ನಿಪ್ಪಲ್ ಬಳಿ ಕಡ್ಡಿ ಬಾಗಲ್ಲ.

ಪಂಕ್ಚರ್ ಬಗ್ಗೆ ಮನೆಯಲ್ಲೇ ಒಮ್ಮೆ ಅಭ್ಯಾಸ ಮಾಡಿ. ಹಿಂದಿನ ಚಕ್ರ ಬಿಚ್ಚಲು ಗೇರು 1ಕ್ಕೆ ಇಳಿಸಬೇಕು, ಕೇಬಲ್ ಆಗ ಸಡಿಲಾಗಿರುತ್ತೆ. ಕೇಬಲ್‌ನ ಹೊರಕವಚವನ್ನು ಅದರ ಮನೆಯಿಂದ ಎಳೆದು ತೆಗೆಯಿರಿ. ಕೇಬಲ್ ಸುತ್ತಿಕೊಳ್ಳುವ ರಾಟೆಯಲ್ಲಿ ಒಂದು ತೂತಿದೆ. ಅದಕ್ಕೆ 2 ಮಿ.ಮೀ. ಅಲೆನ್ ಕೀ ಸಿಕ್ಕಿಸಿ ರಾಟೆಯನ್ನು ತಿರುಗಿಸಿದರೆ ಕೇಬಲ್ ತುದಿಯ ಬೋಲ್ಟು ತನ್ನ ಗೂಡಿನಿಂದ ಹೊರಬರುತ್ತೆ. ಆಮೇಲೆ 15ರ ಪಾನಾದಲ್ಲಿ ಎರಡು ನಟ್ಟು. ಮೊದಲ ಸಲ ಕಾಲು ಗಂಟೆ ಬೇಕು, ಕೈ ಪಳಗಿದ ಮೇಲೆ ಐದು ನಿಮಿಷ. ಹಿಂದಿನ ಚಕ್ರ ಭಾರ ಆಗಿರೋದರಿಂದ ಹಂಪಿನ ಪೆಟ್ಟು ರಿಮ್ಮಿಗೆ ಜೋರಾಗಿ ಬೀಳುತ್ತೆ. 70 ಕೆ.ಜಿ. ಸವಾರರಿಗೆ 28ರ ಟೈರಿನಲ್ಲಿ ಹಿಂದೆ 75 ಪಿಎಸ್‌ಐ, ಮುಂದೆ 65 ಇಟ್ಟುಕೊಂಡರೆ ಟ್ಯೂಬ್ ರಿಮ್ಮಿಗೆ ಸಿಕ್ಕಿ ಚಿವುಟಿಕೊಂಡು ಒಡೆಯುವುದು ಕಡಿಮೆ.

ನಿಧಾನ ಆಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಆಗುತ್ತೆ, ಸ್ವಲ್ಪ. 2001ರಲ್ಲಿ ಸೈಕಲ್ ತಜ್ಞರಾದ ಚೆಸ್ಟರ್ ಕೈಲ್ ಮತ್ತು ಫ್ರಾಂಕ್ ಬರ್ಟೊ ಅಳೆದು ನೋಡಿದಾಗ ಹಬ್ ಗೇರುಗಳು ಡೀರೇಲರ್‌ಗಿಂತ ಒಟ್ಟಾರೆ ಶೇಕಡಾ 2ರಷ್ಟು ಹಿಂದೆ ಬಿದ್ದಿದ್ದವು. ರೇಸಿನಲ್ಲಿ ಅದು ದೊಡ್ಡದು. ಜೂನ್‌ನಿಂದ ಸೆಪ್ಟೆಂಬರ್ ತನಕ ಪುಣೆಯ ಮಳೆಯಲ್ಲಿ, ಡೀರೇಲರ್ ಚೈನಿನ ತುಂಬ ಮರಳು ಕೂತು ಕರಕರ ಅನ್ನುವ ದಿನಗಳಲ್ಲಿ, ಆ ಎರಡು ಪ್ರತಿಶತಕ್ಕೆ ನಾವು ಖುಷಿಯಿಂದ ಒಪ್ಪುತ್ತೇವೆ. ಇನ್ನೂ ಹೆಚ್ಚು ಹರವು ಬೇಕಿದ್ದರೆ ಆಲ್ಫೀನ್ 11 ಇದೆ, 409 ಪ್ರತಿಶತ. ಜರ್ಮನಿಯ ರೋಲಾಫ್‌ನ 14 ಗೇರಿನ ಹಬ್ ಅಂತೂ 526, ಎಲ್ಲ ಮೆಟ್ಟಿಲೂ ಸಮವಾಗಿ ಶೇಕಡಾ 13.6. ಬೆಲೆಯೂ ಅದಕ್ಕೆ ತಕ್ಕಂತೆ.

ಮಳೆಗಾಲಕ್ಕೆ ಎರಡು ಎಚ್ಚರಿಕೆ. ಹಬ್‌ಗೆ ಪ್ರೆಶರ್ ವಾಶ್ ಹೊಡೆಯಬೇಡಿ. ಖಡಕವಾಸಲಾದಿಂದ ನೀರು ಬಿಟ್ಟಾಗ ಭಿಡೆ ಪೂಲ್ ಅನ್ನುವ ಸೇತುವೆ ಮುಳುಗುತ್ತೆ. ನೆಲದಿಂದ 34 ಸೆಂ.ಮೀ. ಎತ್ತರದಲ್ಲಿದೆ ನಿಮ್ಮ ಆಕ್ಸಲ್, ಆ ಮಟ್ಟದ ನೀರಿಗೆ ಸೈಕಲ್ ಇಳಿಸಲೇಬಾರದು. ಕೇಬಲ್ ಹಬ್‌ಗೆ ಸೇರುವ ಮೊದಲು ಒಂದು ಕಡೆ ಕೆಳಕ್ಕೆ ಬಳುಕಿರಲಿ, ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತೆ.

ಮೊದಲ 1,000 ಕಿಲೋಮೀಟರ್ ಆದ ಮೇಲೆ ಎಣ್ಣೆಯ ಕೆಲಸ. ಆಲ್ಫೀನ್ 8ರಲ್ಲಿ ಎಣ್ಣೆ ಹಾಕುವ ತೂತಿಲ್ಲ. ಒಳಗಿನ ಗೇರು ಗುಂಪನ್ನು ಹೊರತೆಗೆದು, ಎಡತುದಿ ಕೆಳಗಾಗಿ, ಶಿಮಾನೊ ಹೇಳಿದ ಎಣ್ಣೆಯಲ್ಲಿ 90 ಸೆಕೆಂಡ್ ಅದ್ದಿ, ಎತ್ತಿ ಒಂದು ನಿಮಿಷ ಸೋರಲು ಬಿಟ್ಟು, ಮತ್ತೆ ಕೂರಿಸಬೇಕು. ಆಮೇಲೆ 5,000 ಕಿಲೋಮೀಟರಿಗೆ ಅಥವಾ ಎರಡು ವರ್ಷಕ್ಕೊಮ್ಮೆ. ಆ ಎಣ್ಣೆ ಮೊದಲೇ ತರಿಸಿಟ್ಟುಕೊಳ್ಳಿ, ಮೂಲೆ ಅಂಗಡಿಯಲ್ಲಿ ಸಿಗುವ ವಸ್ತು ಅಲ್ಲ.