ಯಾವ ಬೋಳ ಬೇಕು?

12 ಜನವರಿ 2025, ಭಾನುವಾರ

ಕೆಳಗಿನ ಬುದ್ಧಿಹಲ್ಲು ತೆಗೆಸಿ ಇವತ್ತಿಗೆ ಐದನೇ ದಿನ. ಅಡ್ಡಡ್ಡ ಮಲಗಿದ್ದ ಹಲ್ಲು. ವಸಡು ಕೊಯ್ದು, ಹಲ್ಲನ್ನೇ ಎರಡು ತುಂಡು ಮಾಡಿ ತೆಗೆದರು. ಮೂರು ಹೊಲಿಗೆ. ಕೆನ್ನೆ ಇನ್ನೂ ಬನ್ನಿನ ಹಾಗಿದೆ. ಮೊಸರನ್ನ ಅಂದರೆ ಅಳು ಬರುತ್ತದೆ.

ಮಾರನೇ ದಿನವೇ ಅಮ್ಮ ಮನೆಮದ್ದಿನ ಮಾತು ಶುರು ಮಾಡಿದಳು. "ಬೋಳ ಹಚ್ಚೋಣ ಕಣೋ, ಗಾಯ ಬೇಗ ಮಾಯುತ್ತೆ. ನಿಮ್ಮಜ್ಜಿ ಅದನ್ನೇ ಹಚ್ತಿದ್ರು." ಅಪ್ಪ ಸುಮ್ನೆ ಚೀಲ ಹಿಡಿದು ಗ್ರಂದಿಗೆ ಅಂಗಡಿಗೆ ಹೊರಟರು. ಸ್ವಲ್ಪ ಹೊತ್ತಿಗೆ ಫೋನು. "ರಕ್ತಬೋಳನಾ, ಕರಿಬೋಳನಾ ಅಂತ ಕೇಳ್ತಿದ್ದಾರೆ." ಅಮ್ಮ ಯೋಚಿಸಿ, "ಕಹಿ ಇರುತ್ತಲ್ಲ, ಅದು" ಅಂದಳು. ಎರಡೂ ಕಹಿಯೇ!

ಪುಣ್ಯಕ್ಕೆ ಅಂಗಡಿಯವರಿಗೆ ಗೊತ್ತಿತ್ತು. ಕರಿಬೋಳ ಅಂದರೆ ಲೋಳೆಸರದ ರಸ ಬತ್ತಿಸಿದ್ದು, ಹೊಟ್ಟೆಗೆ ಹೋದರೆ ಭೇದಿ. ಬಾಯಿಗೆ ಹಚ್ಚುವುದು ರಕ್ತಬೋಳ. ಸೊಮಾಲಿಯಾ, ಇಥಿಯೋಪಿಯಾ ಕಡೆಯ ಮುಳ್ಳುಗಿಡದ ಅಂಟು, ನಮ್ಮ ಗುಗ್ಗುಳದ ದಾಯಾದಿ. ಏಸು ಹುಟ್ಟಿದಾಗ ಜೋಯಿಸರು ಚಿನ್ನ, ಧೂಪದ ಜೊತೆ ತಂದಿದ್ದರಲ್ಲ, ಅದೇ.

ಅಮ್ಮ ಕುಟ್ಟಿ ಬಿಸಿನೀರಿಗೆ ಹಾಕಿದಳು. ನೀರು ಹಳದಿ ಹಾಲಿನ ಹಾಗೆ ಕದಡಿತು, ತಳದಲ್ಲಿ ಚೂರು ಹಾಗೇ ಉಳಿಯಿತು. ಅದರಲ್ಲಿ ಗೋಂದಿನ ಭಾಗ ನೀರಿಗೆ ಕರಗುತ್ತದೆ, ರಾಳದ ಭಾಗಕ್ಕೆ ಆಲ್ಕೋಹಾಲೇ ಬೇಕು. ಹಳೇ ಕಾಲದ ಔಷಧಿ ಅಂಗಡಿಗಳಲ್ಲಿ ಇದರ ಟಿಂಚರ್ ಮಾರುತ್ತಿದ್ದದ್ದು ಅದಕ್ಕೇ.

ಹಚ್ಚುವ ಮೊದಲು ಡಾಕ್ಟರಿಗೆ ಫೋನ್ ಮಾಡಿದೆ. ಒಂದೇ ಮಾತು: "ಗುಳಿಯೊಳಗೆ ಏನೂ ಹಾಕಬೇಡಿ." ಅಲ್ಲಿ ಹೆಪ್ಪುಗಟ್ಟಿದ ರಕ್ತವೇ ಮುಚ್ಚಳವಂತೆ. ಅದು ಕಿತ್ತುಬಂದರೆ ಮೂಳೆ ತೆರೆದುಕೊಂಡು ಡ್ರೈ ಸಾಕೆಟ್ ಆಗುತ್ತದೆ, ನೋವು ಕಿವಿವರೆಗೂ ಹೊಡೆಯುತ್ತದೆ. ಒಂದು ದಿನ ಕಳೆದ ಮೇಲೆ ಬೆಚ್ಚಗಿನ ಉಪ್ಪುನೀರು, ಅದನ್ನೂ ಉಗುಳಬಾರದು, ತಾನಾಗಿ ಸುರಿಯಲು ಬಿಡಬೇಕು.

ಅಮ್ಮನಿಗೆ ಬೇಜಾರು. "ಅಂಟು, ರಾಳ ಎಲ್ಲ ಸುಳ್ಳಾ ಹಾಗಾದ್ರೆ?"

ನಿನ್ನೆ ತೋರಿಸಲು ಹೋದಾಗ ಅದನ್ನೇ ಕೇಳಿದೆ. ಅವರು ನಕ್ಕರು. ವಸಡಿಗೆ ಅವರೇ ಮೆತ್ತುವ ಲವಂಗದೆಣ್ಣೆಯ ಪ್ಯಾಕಿನಲ್ಲಿ ಪೈನ್ ಮರದ ರಾಳ ಇರುತ್ತದಂತೆ! ವೈಟ್‌ಹೆಡ್ ವಾರ್ನಿಷ್ ಅಂತ ಇನ್ನೊಂದಿದೆ. ಅದರಲ್ಲಿ ಬೆಂಜಾಯಿನ್, ಅಂದರೆ ನಮ್ಮ ಸಾಂಬ್ರಾಣಿ. ಜೊತೆಗೆ ಇನ್ನೆರಡು ಮರದ ಅಂಟು, ನಂಜು ತಡೆಯುವ ಅಯೋಡೊಫಾರ್ಮ್. ಪಟ್ಟಿ ಬಟ್ಟೆಯನ್ನು ಅದರಲ್ಲಿ ಅದ್ದಿ ಗುಳಿಗೆ ತುಂಬುತ್ತಾರೆ. ಹಾಗಂತ ದೇವರ ಮನೆಯ ಸಾಂಬ್ರಾಣಿ ತಂದು ಬಾಯಿಗೆ ಹಾಕಿಕೊಂಡರೆ ನಾನು ಜವಾಬ್ದಾರಳಲ್ಲ ಅಂದರು.

ಇದನ್ನು ಹೇಳಿದ ಮೇಲೆ ಅಮ್ಮನ ಮುಖ ಅರಳಿತು. ಉಳಿದ ಬೋಳ ಸಂಜೆ ಕೆಂಡಕ್ಕೆ ಬಿತ್ತು. ಸೊಳ್ಳೆ ಏನೂ ಹೋಗಲಿಲ್ಲ, ಮನೆಯೆಲ್ಲ ಘಮ ಮಾತ್ರ ಜಾಸ್ತಿ.

ನಾಡಿದ್ದು ಸಂಕ್ರಾಂತಿ. ಕೊಬ್ಬರಿ ಹೆಚ್ಚಿ ಬಿಸಿಲಿಗೆ ಹರಡಿದ್ದಾಳೆ. ಎಳ್ಳು ಗುಳಿಯೊಳಗೆ ಸೇರಿಕೊಂಡರೆ ತೆಗೆಯೋದು ಯಾರು? ಈ ಸಲ ನನಗೆ ಬರೀ ಸಕ್ಕರೆ ಅಚ್ಚು. ಅದೂ ಬಲಗಡೆ.