ಮನೆ ಅಂತ ಬರ್ದಿತ್ತು, ಮಗಳು ಮನಿ ಅಂತ ಓದಿದ್ಲು

ಮಗಳಿಗೆ ಈಗ ನಾಕೂವರಿ ವರ್ಷ. ಹೋದ ವರ್ಷ ಕೊಪ್ಪಳದಾಗ ಮನಿ ಹತ್ರ ಇರೋ ಒಂದು ನರ್ಸರಿಗೆ ಹಾಕಿದ್ವಿ, ತಿಂಗಳಾಗಿತ್ತೋ ಇಲ್ಲೋ, ದಿನಾ ನಾಕ್ ಪೇಜ್ ಹೋಮ್‌ವರ್ಕ್, ಒಂದು ಕಡೆ ಎಬಿಸಿಡಿ ಇನ್ನೊಂದು ಕಡೆ ಅ ಆ ಇ ಈ. ನಾನೂ ಎಲ್ಲಾರಂಗ ಸಂಜೀಕ ಆಕಿನ್ನ ಕುಂದ್ರಿಸ್ಕೊಂಡು ಕೈ ಹಿಡ್ದು ಅ ತಿದ್ದಿಸ್ತಿದ್ದೆ. ಒಂದಿನ ಪಾಟಿ ತಗೊಂಡ್ ಬಾ ಅಂದಿದ್ದಕ್ಕ ಹೋಗಿ ಮಂಚದ ಕೆಳಗ ಕುಂತ್ಲು, ಎಷ್ಟ್ ಕರದ್ರೂ ಬರಲಿಲ್ಲ, ಅಲ್ಲೇ ಸಣ್ಣಗ ಅಳಾಕತ್ತಿದ್ಲು. ನನಗ ಹೊಟ್ಟ್ಯಾಗ ಕಲಸಿದಂಗಾತು. ಕೈ ಹಿಡ್ದು ಬರಸೂದು ಅವತ್ತೇ ಬಿಟ್ಟೆ.

ನಮ್ಮ ಚಿಗವ್ವ ಸರ್ಕಾರಿ ಸಾಲ್ಯಾಗ ಟೀಚರ್, ಸಣ್ಣ ಮಕ್ಕಳಿಗೆ ಆಟ ಆಡಸ್ಕೋತ ಕಲಸೂ ನಲಿಕಲಿ ಅನ್ನೂ ಪದ್ಧತಿಯೊಳಗ ಕಲಸ್ತಾಳ. ಫೋನ್ ಮಾಡಿ ಹೇಳ್ದಾಗ ಆಕಿ ಕೇಳಿದ್ದು ಇಷ್ಟ, "ಅ ಇಂದ ಯಾಕ ಚಾಲೂ ಮಾಡ್ತಿ? ನಾವು ನಲಿಕಲಿಯೊಳಗ ರ ಗ ಸ ದ ಅ ಅಂತ ಚಾಲೂ ಮಾಡ್ತೀವಲ್ಲ." ನಾನು ಇದನ್ನ ಯೋಚನಿನೇ ಮಾಡಿರಲಿಲ್ಲ. ರ ಅಂದ್ರ ಒಂದು ದುಂಡು, ಮ್ಯಾಲೊಂದು ತಲಕಟ್ಟು, ಮುಗೀತು. ಅ ಬರಿಯಾಕ ಎಷ್ಟ್ ಕಡೆ ಬೆರಳು ತಿರುಗಬೇಕು ನೋಡ್ರಿ. ಇನ್ನೊಂದು ಏನಂದ್ರ ಈ ಐದು ಅಕ್ಷರ ಬಂದ್ರ ಸಾಕು ಸರ, ಅರಸ, ಅಗಸ, ದಸರ, ಗರಗಸ ಅಂತ ಪೂರಾ ಶಬ್ದನೇ ಓದಬಹುದು, ಅ ಆ ಇ ಈ ನಾಕೂ ಬಂದ್ರೂ ಓದಾಕ ಏನೂ ಸಿಗೂದಿಲ್ಲ.

ಆದ್ರ ಅಕ್ಷರಕ್ಕಿಂತ ಮೊದಲು ಕಿವಿ ಐತಿ. ಇದನ್ನ ನಾನು ಬಸ್‌ಸ್ಟ್ಯಾಂಡಿನ್ಯಾಗ ಕಲ್ತಿದ್ದು. ತವರುಮನಿಗೆ ಹೋಗುವಾಗ ಬಸ್ ಬರೂದು ಲೇಟ್ ಆಗಿತ್ತು, ಸುಮ್ನ ಟೈಂ ಹೋಗ್ಲಿ ಅಂತ ಕಂಡಕ್ಟರ್ ಒದರೂ ಊರಿಗೆಲ್ಲಾ ಚಪ್ಪಾಳಿ ಹೊಡಿಯಾಕತ್ವಿ. ಗಂ-ಗಾ-ವ-ತಿ, ನಾಕು. ಕುಷ್-ಟ-ಗಿ, ಮೂರು. ಕೊಪ್-ಪ-ಳ, ಮೂರು. ಆಮ್ಯಾಲ ಆಕಿನೇ ಚಾಲೂ ಮಾಡಿದ್ಲು, ರೊಟ್ಟಿಗೆ ಎರಡು, ಪುಂಡಿಪಲ್ಯಾಕ್ಕ ನಾಕು. ಇಂಗ್ಲಿಷಿನ್ಯಾಗ ಕ್ಯಾಟ್ ಅನ್ನಾಕ ಒಂದ ಚಪ್ಪಾಳಿ, ಬರಿಯಾಕ ಮೂರು ಅಕ್ಷರ. ನಮ್ಮ ಕನ್ನಡದಾಗ ಹೆಚ್ಚೂಕಮ್ಮಿ ಒಂದು ಚಪ್ಪಾಳಿಗೆ ಒಂದು ಅಕ್ಷರ ಕುಂದರ್ತೈತಿ. ಹಿಂಗಾಗಿ ಬಸ್ಸಿನ ಬೋರ್ಡ್ ಮ್ಯಾಲ ಗಂಗಾವತಿ ಅಂತ ಬೆರಳು ಮಾಡಿ ತೋರ್ಸಿದಾಗ ಅಕ್ಷರ ಎಣಸಾಕ ಆಕಿಗೆ ಭಾಳ ಹೊತ್ತು ಬೇಕಾಗಲಿಲ್ಲ.

ಬರಿಯೋದು ಈಗ ಪಾಟಿ ಮ್ಯಾಲ ಅಲ್ಲ, ರೊಟ್ಟಿ ಮಾಡುವಾಗ ಪರಾತದಾಗ ಒಂದು ಹಿಡಿ ಜ್ವಾಳದ ಹಿಟ್ಟು ಹರಡಿ ಕೊಡ್ತೀನಿ, ಬೆರಳಿಂದ ಬರೀತಾಳ, ಅಳಸ್ತಾಳ, ತಪ್ಪಾದ್ರ ಯಾರಿಗೂ ಕಾಣೂದಿಲ್ಲ. ಹಿಟ್ಟು ನಾದೂದ್ರಿಂದ ಬೆರಳಿಗೂ ಶಕ್ತಿ ಬರ್ತೈತಿ.

ಹೋದ ವಾರ ಒಂದು ಚಿತ್ರದ ಪುಸ್ತಕದಾಗ ಮನೆ ಅಂತ ಬರ್ದಿತ್ತು. ಬೆರಳಿಟ್ಟು "ಮನಿ" ಅಂದ್ಲು. ನಮ್ಮ ಮನಿಯವರು ತಿದ್ದಾಕ ಹೋದ್ರು, ನಾನು ತಡದೆ. ಮ ಗುರ್ತು ಸಿಕ್ಕೈತಿ, ನ ಗುರ್ತು ಸಿಕ್ಕೈತಿ, ಅದು ನಾವಿರೋ ಜಾಗ ಅಂತನೂ ಗೊತ್ತಾಗೈತಿ, ಇದಕ್ಕಿಂತ ಓದು ಅಂದ್ರ ಇನ್ನೇನು. ನಾವು ದಿನಾ ಮನಿ ಅಂತೀವಿ, ಹಂಗ ಓದಿದ್ಲು. ಪುಸ್ತಕದಾಗ ಬ್ಯಾರೆ ಥರಾ ಬರೀತಾರವ್ವ, ಎರಡೂ ಒಂದ ಅಂತ ಹೇಳಿದ್ರ ಕೂಸಿಗೆ ತಿಳೀತೈತಿ, ತಪ್ಪು ತಪ್ಪು ಅಂತ ಬಾಯಿ ಮುಚ್ಚಿಸಿದ್ರ ಮಾತಾಡೂದನ್ನೂ ಬಿಡ್ತೈತಿ. ನಮ್ಮ ಮಾತು ಕೇಳಿ ನಗೋರು ಅದಾರ, ನನಗ ಗೊತ್ತೈತಿ. ಆದ್ರ 9ನೇ ಶತಮಾನದ ಕವಿರಾಜಮಾರ್ಗದಾಗ ತಿರುಳ್ಗನ್ನಡದ ಊರು ಅಂತ ಹೇಳಿರೋ ನಾಕು ಹೆಸರಿನ್ಯಾಗ ಕೊಪಣ ಅಂತ ಇರೋದು ಇದ ನಮ್ಮ ಕೊಪ್ಪಳ. ಆ ಊರಿನ ಕೂಸು ತನ್ನ ಮಾತಿಗೆ ನಾಚಿಕೋಬೇಕಾ?

ಅವಸರನೂ ಬ್ಯಾಡ. ಇಂಗ್ಲಿಷಿಗೆ 26 ಅಕ್ಷರ, ನಮಗ 49, ಅದರ ಮ್ಯಾಲ 34 ವ್ಯಂಜನಕ್ಕೂ ಕಾಗುಣಿತ, ಒತ್ತಕ್ಷರ ಬ್ಯಾರೆ. ಇದೆಲ್ಲಾ ಸಾಲ್ಯಾಗ ವರ್ಷಗಟ್ಟಲೆ ಕಲಿಯೋದು, ನರ್ಸರಿಯೊಳಗ ಮುಗಸೂದಲ್ಲ.

ನಾನು ಈಗ ದಿನಾ ತಪ್ಪದ ಮಾಡೂದು ಒಂದೈತಿ. ರಾತ್ರಿ ಆಕಿ ಹೇಳಿದ ಕಥಿನ ಆಕಿ ಅಂದಂಗ, ಒಂದು ಶಬ್ದನೂ ತಿದ್ದದ, 200 ಪೇಜಿನ ನೋಟ್‌ಬುಕ್‌ನ್ಯಾಗ ದೊಡ್ಡ ಅಕ್ಷರದಾಗ ಬರ್ಕೋತೀನಿ, ಮರುದಿನ ಇಬ್ರೂ ಸೇರಿ ಓದ್ತೀವಿ. ತನ್ನ ಮಾತ ಆಗಿರೋದ್ರಿಂದ ಮುಂದಿನ ಶಬ್ದ ಏನಂತ ಆಕಿಗೆ ಮೊದ್ಲೇ ಗೊತ್ತಿರ್ತೈತಿ, ಬೆರಳು ತಾನಾಗೇ ಅದರ ಹಿಂದ ಓಡ್ತೈತಿ. ನಿನ್ನೆ ಹೇಳಿದ್ದು ಇದು (ಅಮ್ಮ ಅಂದ್ರ ಆಕಿ ಅಜ್ಜಿ): "ಅಮ್ಮ ಸಂತಿಗೆ ಹೋದ್ಲು. ಬಸ್ ಹೋತು. ಅಮ್ಮ ನಡಕೊಂತ ಮನಿಗೆ ಬಂದ್ಲು." ಮುಂಜಾನೆ ಎದ್ದು ಮಾರಿ ತೊಳಿಯೋಕ್ಕಿಂತ ಮೊದ್ಲ ನೋಟ್‌ಬುಕ್ ತಗೊಂಡು ಅಮ್ಮನ ಹತ್ರ ಹೋಗಿ, ಮನಿ ಅನ್ನೂದರ ಮ್ಯಾಲ ಬೆರಳಿಟ್ಟು ತೋರಸಾಕತ್ತಿದ್ಲು.