ಲೋವೆಲ್‌ನ ಮಗ್ಗಗಳ ಮುಂದೆ

ಬಾಸ್ಟನ್‌ಗೆ ಬಂದು ಆರು ವರ್ಷವಾದರೂ ಪಕ್ಕದ ಲೋವೆಲ್ ನೋಡಿರಲಿಲ್ಲ. ಹೋದ ತಿಂಗಳು ಮಗಳನ್ನು ಕರೆದುಕೊಂಡು ಹೋದೆ. ಅಲ್ಲಿನ ಬೂಟ್ ಕಾಟನ್ ಮಿಲ್ ಈಗ ಮ್ಯೂಸಿಯಂ. ಹಳೇ ಮಗ್ಗಗಳನ್ನು ಇನ್ನೂ ಓಡಿಸುತ್ತಾರೆ. ಲಾಳಿ ಆ ಕಡೆ ಈ ಕಡೆ ಬಡಿಯುವಾಗ ಮರದ ನೆಲ ಪಾದದಡಿ ಅದುರುತ್ತದೆ. ದಾವಣಗೆರೆಯ ಮಿಲ್ಲಿನಲ್ಲಿ ದುಡಿದ ನಮ್ಮ ತಾತ ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದರು. ಯಾಕೆ ಅಂತ ಆವತ್ತು ಗೊತ್ತಾಯಿತು.

ಈ ಮಗ್ಗಗಳ ಮುಂದೆ ನಿಂತವರಲ್ಲಿ ಬಹಳ ಜನ ಕೆನಡಾದ ಕ್ವಿಬೆಕ್‌ನಿಂದ ಬಂದ ಫ್ರೆಂಚ್ ರೈತರ ಮಕ್ಕಳು. 1840ರಿಂದ 1930ರ ಒಳಗೆ ಸುಮಾರು 9 ಲಕ್ಷ ಜನ ಗಡಿ ದಾಟಿದರು. ಜಮೀನು ಸಾಲದು, ಮನೆ ತುಂಬ ಮಕ್ಕಳು, ಮೇಲೆ ಸಾಲ. ರೈಲು ಹತ್ತಿದರೆ ಮಿಲ್ಲು, ಕೈಗೆ ಕೂಲಿ.

ಕ್ವಿಬೆಕ್‌ನ ದೊಡ್ಡವರು ಮೊದಲು ಬೈದರು. ಪಾದ್ರಿ ಲಾಬೆಲ್ ಅಂತೂ ಜನ ಹೋಗದಿರಲಿ ಅಂತ ಮಾಂಟ್ರಿಯಲ್‌ನ ಉತ್ತರದ ಕಾಡಿನಲ್ಲಿ ಊರುಗಳನ್ನು ಕಟ್ಟಿಸಲು ಓಡಾಡಿದರು. ಜನ ನಿಲ್ಲಲಿಲ್ಲ. ಆಮೇಲೆ ಹಲವರ ಮಾತೇ ತಿರುಗಿತು. ಇವರನ್ನು ದೇವರೇ ಕಳಿಸಿದ್ದಾನೆ, ನ್ಯೂ ಇಂಗ್ಲೆಂಡಿನ (ಲೋವೆಲ್, ಬಾಸ್ಟನ್ ಇರುವ ಅಮೆರಿಕದ ಈಶಾನ್ಯ ಮೂಲೆ) ಉದ್ದಕ್ಕೂ ಫ್ರೆಂಚ್ ಮಾತನ್ನೂ ಕ್ಯಾಥೊಲಿಕ್ ಧರ್ಮವನ್ನೂ ಹಬ್ಬಿಸುತ್ತಾರೆ, ಮುಂದೊಂದು ದಿನ ಆ ಸೀಮೆ ನಮ್ಮದೇ ಆದೀತು ಅಂತ ಕನಸು ಕಂಡರು.

ನನಗೆ ಇದು ಹೊಟ್ಟೆ ಉರಿಸುತ್ತದೆ. ಹಸಿವಿಗೆ ಬಂದವರನ್ನು ಅಲ್ಲಿ ಕೂತವರು ದಂಡು ಅಂದುಕೊಂಡರು. ಇಲ್ಲಿ ನೋಡಿದರೆ 1881ರ ಮ್ಯಾಸಚೂಸೆಟ್ಸ್ ಸರ್ಕಾರಿ ವರದಿಯೊಂದು ಅವರನ್ನು ‘ಪೂರ್ವ ರಾಜ್ಯಗಳ ಚೀನೀಯರು’ ಅಂತ ಹೀಯಾಳಿಸಿತ್ತು; ಆಗ ಅಮೆರಿಕದಲ್ಲಿ ಚೀನೀ ಕೂಲಿಗಳನ್ನು ಕೀಳಾಗಿ ಕಾಣುತ್ತಿದ್ದರು. ದಿನಕ್ಕೆ ಹತ್ತು ಗಂಟೆ ನಿಂತು ದುಡಿಯುವ ಹುಡುಗಿಯ ಹೆಗಲಿಗೆ ಒಂದು ಜನಾಂಗದ ಭವಿಷ್ಯ ಬೇರೆ!

ಆದರೂ ಅವರು ಭಾಷೆ ಬಿಡಲಿಲ್ಲ, ಅದನ್ನು ಹೇಳಲೇಬೇಕು. ‘ಪುಟ್ಟ ಕೆನಡಾ’ ಅನ್ನಿಸಿಕೊಂಡ ಕೇರಿಗಳು, ತಮ್ಮದೇ ಚರ್ಚು, ತಮ್ಮದೇ ಪತ್ರಿಕೆ, ಅರ್ಧ ದಿನ ಫ್ರೆಂಚಿನಲ್ಲೂ ಅರ್ಧ ದಿನ ಇಂಗ್ಲಿಷಿನಲ್ಲೂ ನಡೆಯುವ ಶಾಲೆ. ಭಾಷೆ ಹೋದರೆ ನಂಬಿಕೆಯೂ ಹೋಯ್ತು ಅನ್ನುವುದು ಅವರಲ್ಲಿ ಗಾದೆಯೇ ಆಗಿತ್ತು.

ಹೊರಗೆ ಕಾಲುವೆ ಪಕ್ಕದ ಬೆಂಚಿನಲ್ಲಿ ಒಬ್ಬ ಅಜ್ಜ ಕೂತಿದ್ದರು. ಅವರ ಅಜ್ಜಿ ಇದೇ ಊರಿನ ಮಿಲ್ಲಿನಲ್ಲಿದ್ದರಂತೆ. ನಿಮಗೆ ಫ್ರೆಂಚ್ ಬರುತ್ತಾ ಅಂದೆ. ಇಲ್ಲ, ಅಂದರು. ಸ್ವಲ್ಪ ತಡೆದು, ಮೇರಿ ಮಾತೆಯ ಪ್ರಾರ್ಥನೆಯನ್ನು ಫ್ರೆಂಚಿನಲ್ಲಿ ಮೊದಲಿಂದ ಕೊನೆಯವರೆಗೆ, ಒಂದೇ ಉಸಿರಿನಲ್ಲಿ ಅಂದು ಮುಗಿಸಿದರು. ಮೆಮೇರ್ ಕಲಿಸಿದ್ದು, ಅಂದರು.

‘ಅಮ್ಮ, ಮೆಮೇರ್ ಅಂದ್ರೆ ಅಜ್ಜಿನಾ?’ ಅಂತ ಮಗಳು ನನ್ನ ಕಿವಿಯಲ್ಲಿ ಕನ್ನಡದಲ್ಲೇ ಕೇಳಿದಳು.